ಹಬ್ಬದ ದಿನದ ಉಡುಗೆ, ಕೆಲಸದ ದಿನದ ಪರೀಕ್ಷೆ

ನವೆಂಬರ್ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಕಚೇರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸೂಚನೆ ತಪ್ಪದೆ ಬರುತ್ತದೆ: ಇಂಥ ದಿನ ರಾಜ್ಯೋತ್ಸವದ ಆಚರಣೆ, ಎಲ್ಲರೂ ಸಾಂಪ್ರದಾಯಿಕ ಉಡುಗೆಯಲ್ಲಿ ಬನ್ನಿ. ಆಯುಧಪೂಜೆಗೆ, ಓಣಂಗೆ, ದೀಪಾವಳಿಗೆ, ಸಂಕ್ರಾಂತಿಗೆ ಇದೇ ಸೂಚನೆ ತಾರೀಕು ಬದಲಿಸಿಕೊಂಡು ಬರುತ್ತದೆ. ಮನೆಯ ಹಬ್ಬಕ್ಕೂ ಕಚೇರಿಯ ಹಬ್ಬಕ್ಕೂ ಇರುವ ಮೂಲ ವ್ಯತ್ಯಾಸ ಈ ತಾರೀಕಿನಲ್ಲೇ ಇದೆ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆಯಂತೆ ನವೆಂಬರ್ 1 ಕಡ್ಡಾಯ ರಜೆ. ಹಾಗಾಗಿ ಕಚೇರಿಯ ರಾಜ್ಯೋತ್ಸವ ಹಿಂದಿನ ದಿನಕ್ಕೋ ಮುಂದಿನ ವಾರಕ್ಕೋ ಸರಿಯುತ್ತದೆ. ಆಯುಧಪೂಜೆಯೂ ಬಹಳ ಕಡೆ ರಜೆಯ ಹಿಂದಿನ ದಿನವೇ ಮುಗಿಯುತ್ತದೆ. ಅಂದರೆ ಮನೆಯ ಹಬ್ಬ ಬಿಡುವಿನ ದಿನದ್ದು, ಕಚೇರಿಯ ಹಬ್ಬ ದುಡಿಮೆಯ ದಿನದ್ದು. ಬೆಳಿಗ್ಗೆ ಬಸ್ಸನ್ನೋ ಮೆಟ್ರೋವನ್ನೋ ಹಿಡಿಯಬೇಕು, ಹತ್ತು ಗಂಟೆಗೆ ಮೀಟಿಂಗಿನಲ್ಲಿ ಕೂರಬೇಕು, ಮಧ್ಯಾಹ್ನ ರಂಗೋಲಿ, ಊಟ, ಫೋಟೊ ಮುಗಿಸಿ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಸಂಜೆಯ ಟ್ರಾಫಿಕ್ಕಿನಲ್ಲಿ ಮನೆ ಸೇರಬೇಕು. ಆದರೆ ಈ ಸಂದರ್ಭಕ್ಕೆಂದು ಪೇಟೆಯಲ್ಲೂ ಪತ್ರಿಕೆಗಳ ಪುರವಣಿಗಳಲ್ಲೂ ಸಿಗುವ ಸಲಹೆಗಳೆಲ್ಲ ಬಣ್ಣ, ಒಡವೆ, ಫೋಟೊದಲ್ಲಿ ಹೇಗೆ ಕಾಣುತ್ತದೆ ಎಂಬುದರ ಸುತ್ತಲೇ ಸುತ್ತುತ್ತವೆ. ಈ ಲೇಖನದ ವಾದ ಬೇರೆ. ಕಚೇರಿಯ ಹಬ್ಬಕ್ಕೆ ಉಡುಗೆ ಆರಿಸುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ‘ಇದು ಎಷ್ಟು ಸಾಂಪ್ರದಾಯಿಕ?’ ಎಂಬುದಲ್ಲ, ‘ಹಬ್ಬ ಮುಗಿದ ಮೇಲೆ ಮತ್ತೊಂದು ಕೆಲಸದ ದಿನ ಇದನ್ನೇ ಉಟ್ಟು ಬರಬಲ್ಲೆನೇ?’ ಎಂಬುದು. ಸೌಕರ್ಯ, ಖರ್ಚು, ನೇಕಾರರ ಹಿತ, ಇತರರ ಸಂಸ್ಕೃತಿಯ ಮರ್ಯಾದೆ, ಸಹೋದ್ಯೋಗಿಗಳ ಸಮಾನತೆ ಇವೆಲ್ಲಕ್ಕೂ ಈ ಒಂದು ಪ್ರಶ್ನೆಯಿಂದಲೇ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಮೊದಲು ‘ಎಷ್ಟು ಸಾಂಪ್ರದಾಯಿಕ’ ಎಂಬ ಅಳತೆಗೋಲು ಏಕೆ ಕೈಕೊಡುತ್ತದೆ ಎಂದು ನೋಡೋಣ. ಇಂದು ದೇಶದ ಉದ್ದಗಲಕ್ಕೂ ಸೀರೆ ಎಂದರೆ ಕಣ್ಣಿಗೆ ಬರುವ ರೂಪ, ಅಂದರೆ ಒಳಲಂಗ, ಹೊಲಿದ ರವಿಕೆ, ಮುಂದೆ ನೆರಿಗೆ, ಎಡ ಹೆಗಲ ಮೇಲೆ ಸೆರಗು, ಬಹಳ ಹಳೆಯದೇನಲ್ಲ. ಅದು ಹೀಗೆ ಹರಡಿದ್ದರಲ್ಲಿ ಟ್ಯಾಗೋರ್ ಮನೆತನದ ಜ್ಞಾನದಾನಂದಿನಿ ದೇವಿಯವರ ಪಾತ್ರ ದೊಡ್ಡದು. 1860ರ ದಶಕದಲ್ಲಿ ಬೊಂಬಾಯಿಗೆ ಹೋಗಿದ್ದ ಅವರು ಅಲ್ಲಿನ ಪಾರ್ಸಿ ಹೆಂಗಸರ ಉಡಿಗೆಯನ್ನು ನೋಡಿ ತಮ್ಮದಕ್ಕೆ ಹೊಂದಿಸಿಕೊಂಡು ಬಂಗಾಳಕ್ಕೆ ತಂದರು. ಅದಕ್ಕೆ ಕಾರಣವೂ ಹೆಣ್ಣು ಮನೆಯಿಂದ ಹೊರಗೆ, ಸಾರ್ವಜನಿಕವಾಗಿ ಓಡಾಡುವ ಅಗತ್ಯವೇ. ನಮ್ಮಲ್ಲಿ ಹೊಲಗೆಲಸದ ಹೆಂಗಸರು ಉಡುತ್ತಿದ್ದದ್ದು ಕಚ್ಚೆ ಸೀರೆ. ಕೊಡವ ಹೆಂಗಸರ ನೆರಿಗೆ ಇಂದಿಗೂ ಹಿಂಬದಿಗೆ. ಗಂಡಸರ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ರಾಜ್ಯೋತ್ಸವದ ದಿನ ಕಚೇರಿಗಳಲ್ಲಿ ಕಾಣುವ ಶೇರ್ವಾನಿ, ಜೋಧ್‌ಪುರಿ ಬಂದ್‌ಗಲಾ, ಚೂಡಿದಾರ್ ಪೈಜಾಮ ಯಾವುದೂ ಕನ್ನಡ ನಾಡಿನಲ್ಲಿ ಹುಟ್ಟಿದ್ದಲ್ಲ. ನವರಾತ್ರಿಗೆ ದಿನಕ್ಕೊಂದು ಬಣ್ಣ ಎಂಬ ಪದ್ಧತಿಯನ್ನು ಅನಾದಿಯಿಂದ ಬಂದದ್ದೆಂದು ನಂಬಿದವರಿದ್ದಾರೆ. ಅದನ್ನು ಮನೆಮಾತಾಗಿಸಿದ್ದು ಈ ಶತಮಾನದ ಮೊದಲ ದಶಕದಲ್ಲಿ ಮುಂಬೈನ ಮರಾಠಿ ಪತ್ರಿಕೆಯೊಂದು. ಇದನ್ನೆಲ್ಲ ಹೇಳುವುದು ಯಾರನ್ನೂ ಹಂಗಿಸಲಿಕ್ಕಲ್ಲ. ಪ್ರತಿಯೊಂದು ಉಡುಗೆಯೂ ಯಾವುದೋ ಕಾಲದಲ್ಲಿ, ಯಾರದೋ ಅಗತ್ಯಕ್ಕೆ ಹುಟ್ಟಿ, ಬಳಕೆಯಿಂದ ಸಂಪ್ರದಾಯವಾಗಿದೆ. ಹಳತನವನ್ನೇ ಯೋಗ್ಯತೆಯೆಂದು ಹಿಡಿದರೆ ಸೀರೆಯೂ ಪರೀಕ್ಷೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬಳಕೆಯನ್ನು ಹಿಡಿದರೆ ಮಾತ್ರ ಒಂದು ನೆಲೆ ಸಿಗುತ್ತದೆ.

ಆ ನೆಲೆಯಿಂದ ನೋಡಿದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ದೇಶೀ ಉಡುಗೆಗೂ ಕಚೇರಿಗೂ ಎಂದೂ ಹಗೆಯಿರಲಿಲ್ಲ. ಹಳೆಯ ಮೈಸೂರು ಸಂಸ್ಥಾನದ ಅಧಿಕಾರಿಗಳು, ವಕೀಲರು, ಮೇಷ್ಟ್ರುಗಳು ಕಚ್ಚೆ ಪಂಚೆಯ ಮೇಲೆ ಮುಚ್ಚುಗೊರಳಿನ ಕೋಟು ತೊಟ್ಟು, ತಲೆಗೆ ಪೇಟ ಇಟ್ಟು ದಿನವೂ ಕೆಲಸಕ್ಕೆ ಹೋಗುತ್ತಿದ್ದರು. ಡಿ.ವಿ.ಜಿ. ಅವರ ಚಿತ್ರಗಳಲ್ಲಿ ಕೋಟು, ಪೇಟ ಇವೆ. ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ಸೂಟು ತೊಟ್ಟರೂ ಮೈಸೂರು ಪೇಟವನ್ನು ಬಿಡಲಿಲ್ಲ. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಪಂಚೆಯಲ್ಲೇ ದಿಲ್ಲಿಯಲ್ಲಿ ಆಡಳಿತ ನಡೆಸಿದರು. ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ವಿಧಾನಸೌಧದ ಮೆಟ್ಟಿಲು ಹತ್ತಿದ್ದೂ ಪಂಚೆ, ಬಿಳಿ ಅಂಗಿ, ಶಲ್ಯದಲ್ಲೇ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳ ಗ್ರಹದ ಕಕ್ಷೆ ಸೇರಿದಾಗ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟು ಹೂ ಮುಡಿದ ಮಹಿಳಾ ಸಿಬ್ಬಂದಿ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹೊರಗಿನವರಿಗೆ ಅದು ಬೆರಗು; ಇಲ್ಲಿನ ಬ್ಯಾಂಕು, ಶಾಲೆ, ತಾಲ್ಲೂಕು ಕಚೇರಿಗಳನ್ನು ಬಲ್ಲವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಆ ಸೀರೆಗಳು ಚೆಂದ ಕಂಡದ್ದಕ್ಕೆ ಒಂದು ಕಾರಣ, ಉಟ್ಟವರು ಅವುಗಳಲ್ಲಿ ಸಲೀಸಾಗಿದ್ದರು ಎಂಬುದು. ಅಭ್ಯಾಸವಿರುವ ಉಡುಗೆಯಲ್ಲಿ ಹಬ್ಬಕ್ಕೆ ಬಂದವರಿಗೂ ಆ ಒಂದು ದಿನಕ್ಕೆಂದು ಅಲಂಕರಿಸಿಕೊಂಡವರಿಗೂ ಇರುವ ಅಂತರ ಬೆಳಿಗ್ಗೆಯ ಫೋಟೊದಲ್ಲಿ ಕಾಣಿಸದಿದ್ದರೂ ಮಧ್ಯಾಹ್ನದ ಹೊತ್ತಿಗೆ ಕಂಡೇ ಕಾಣುತ್ತದೆ.

ಹಾಗಾದರೆ ಕೆಲಸದ ದಿನದ ಪರೀಕ್ಷೆ ಏನನ್ನು ಕೇಳುತ್ತದೆ? ಮೊದಲನೆಯದು ಓಡಾಟ. ದ್ವಿಚಕ್ರ ವಾಹನದ ಹಿಂದಿನ ಚಕ್ರಕ್ಕೆ ಅರ್ಧದಷ್ಟಾದರೂ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ‘ಸಾರಿ ಗಾರ್ಡ್’ ಎಂದು ಎಲ್ಲರೂ ಕರೆಯುವ ಆ ಕಂಬಿ ಇರುವುದೇ ಹಿಂದೆ ಕೂತವರ ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಿರಲೆಂದು. ಅಂದವಿಲ್ಲವೆಂದು ಅದನ್ನು ಕಳಚಿಟ್ಟ ಬೈಕಿನಲ್ಲಿ ಉದ್ದ ಸೆರಗು ಇಳಿಬಿಟ್ಟುಕೊಂಡು ಹೋಗುವುದು ಅಪಾಯವನ್ನು ಕೈಬೀಸಿ ಕರೆದಂತೆ. ಮೆಟ್ರೋ ಎಸ್ಕಲೇಟರಿನಲ್ಲಿ ನೆಲ ಗುಡಿಸುವ ಲೆಹಂಗಾ, ಅನಾರ್ಕಲಿಗಳಿಗೂ ಇದೇ ಮಾತು. ಕಾರ್ಖಾನೆಗಳಲ್ಲಿ ಪ್ರಶ್ನೆ ಇನ್ನೂ ಗಂಭೀರ. 1948ರ ಕಾರ್ಖಾನೆ ಕಾಯ್ದೆ ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವವರು ಮೈಗೆ ಅಂಟಿಕೊಳ್ಳುವಂಥ ಬಟ್ಟೆ ತೊಟ್ಟಿರಬೇಕು ಎಂದದ್ದು ಸುಮ್ಮನೆ ಅಲ್ಲ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚುವವರ ಸೆರಗು, ಶಲ್ಯ, ಕೊರಳ ಹಾರ ಯಾವುದೂ ಚಾಲೂ ಇರುವ ಯಂತ್ರದ ಹತ್ತಿರ ಸುಳಿಯಬಾರದು. ಯಂತ್ರ ಪೂರ್ತಿ ನಿಂತ ಮೇಲೆಯೇ ಪೂಜೆ. ಎರಡನೆಯದು ಹೊತ್ತು. ಎಂಟು ಹತ್ತು ಗಂಟೆ ಮೈಮೇಲಿರುವ ಬಟ್ಟೆ ಬೆವರನ್ನು ಹೀರಬೇಕು. ಹತ್ತಿ ಹೀರುತ್ತದೆ, ರೇಷ್ಮೆಯೂ ಸಾಕಷ್ಟು ಹೀರುತ್ತದೆ. ಪಟ್ಟೆಯಂತೆ ಹೊಳೆಯುವ ಅಗ್ಗದ ಪಾಲಿಯೆಸ್ಟರ್ ಹೀರುವುದಿಲ್ಲ, ಸಂಜೆಯ ಹೊತ್ತಿಗೆ ಉಟ್ಟವರೇ ಅದನ್ನು ಶಪಿಸುತ್ತಾರೆ. ಮೂರನೆಯದು ಸಣ್ಣಪುಟ್ಟ ಸಂಗತಿಗಳು. ಲ್ಯಾಪ್‌ಟಾಪ್ ಚೀಲದ ಪಟ್ಟಿ ಹೆಗಲ ಮೇಲಿನ ಜರಿಯನ್ನು ಉಜ್ಜುತ್ತದೆ, ಗುರುತಿನ ಚೀಟಿಯ ಕ್ಲಿಪ್ಪು ನೂಲನ್ನು ಎಳೆಯುತ್ತದೆ, ಸೀರೆಗೂ ಸಾಮಾನ್ಯ ಪಂಚೆಗೂ ಮೊಬೈಲ್ ಇಡಲು ಜೇಬಿಲ್ಲ. ಸೆರಗನ್ನು ಮಡಿಸಿ ಪಿನ್ ಹಾಕಿಕೊಳ್ಳುವುದು, ಪಂಚೆಯೊಳಗೆ ಚಡ್ಡಿ, ಮೇಲೆ ಸೊಂಟಕ್ಕೊಂದು ಬೆಲ್ಟು, ಹೊಸ ಚಪ್ಪಲಿಯನ್ನು ನಾಲ್ಕು ದಿನ ಮೊದಲೇ ಮೆಟ್ಟಿ ಪಳಗಿಸುವುದು ಇವೆಲ್ಲ ಅಲಂಕಾರದ ಪುಸ್ತಕಗಳಲ್ಲಿ ಬರದ, ಆದರೆ ದಿನವನ್ನು ಉಳಿಸುವ ವಿವೇಕ. ಏರ್ ಇಂಡಿಯಾ 2023ರ ಕೊನೆಗೆ ತನ್ನ ಗಗನಸಖಿಯರಿಗೆ ತಂದ ಹೊಸ ಸಮವಸ್ತ್ರದಲ್ಲಿ ನೆರಿಗೆ ಮೊದಲೇ ಹೊಲಿದ ಸಿದ್ಧ ಸೀರೆ ಇದೆ. ಕೆಲಸಕ್ಕಾಗಿ ಸೀರೆ ತನ್ನ ರೂಪ ಬದಲಿಸಿಕೊಳ್ಳುವುದು ಜ್ಞಾನದಾನಂದಿನಿಯವರ ಕಾಲದಿಂದಲೂ ನಡೆದುಬಂದದ್ದೇ.

ಈ ಪರೀಕ್ಷೆಯಲ್ಲಿ ಕರ್ನಾಟಕದ ಮಗ್ಗಗಳು ಚೆನ್ನಾಗಿಯೇ ತೇರ್ಗಡೆಯಾಗುತ್ತವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ನೋಡಿ. ಒಡಲು ಸಾಮಾನ್ಯವಾಗಿ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆ ಹಾಕಿ ಬೆಸೆಯುವ ತೋಪು ತೆನೆ ವಿಧಾನದಿಂದಾಗಿ ಕೆಂಪು ಸೆರಗು, ಅದರ ಮೇಲಿನ ಬಿಳಿ ಗೋಪುರಗಳಂಥ ವಿನ್ಯಾಸ ಆ ಸೀರೆಯ ಗುರುತಾಗಿವೆ. ಹೊಲದಲ್ಲಿ, ಸಂತೆಯಲ್ಲಿ ದಿನವಿಡೀ ದುಡಿಯುವ ಹೆಂಗಸರ ನಿತ್ಯದ ಸೀರೆಯಾಗಿದ್ದ ಅದು ಎ.ಸಿ. ಕೋಣೆಯ ದುಡಿಮೆಗೆ ಹೆದರುವುದಿಲ್ಲ. ಅದರ ಜೊತೆಗಾರ ಗುಳೇದಗುಡ್ಡದ ಖಣ. ಕುಬಸಕ್ಕೆಂದೇ ನೇಯುತ್ತಿದ್ದ ಈ ಬಟ್ಟೆ ಈಗ ಜಾಕೆಟ್ಟು, ಕುರ್ತಾ, ಕೈಚೀಲಗಳಾಗಿಯೂ ಬರುತ್ತಿದೆ. ಮನೆಯಲ್ಲಿರುವ ಸಾದಾ ಸೀರೆಗೆ ಒಂದು ಖಣದ ರವಿಕೆ ಹೊಲಿಸಿಕೊಂಡರೆ ಕಡಿಮೆ ಖರ್ಚಿನಲ್ಲಿ ಹಬ್ಬದ ಕಳೆ ಬರುತ್ತದೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳ ಧಾರವಾಡ ಸೀಮೆಯ ಕಸೂತಿ ಸೀರೆಗೂ ಸಲ್ಲುತ್ತದೆ, ಅಂಗಿಯ ಪಟ್ಟಿಗೂ ಸಲ್ಲುತ್ತದೆ. ಕರಾವಳಿಯ ಸೆಖೆಯಲ್ಲಿ ಬೆಳೆದ ಉಡುಪಿ ಸೀರೆ ಹಗುರ ಹತ್ತಿಯದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸೀರೆ ಕಚೇರಿಗೆ ಹೇಳಿ ಮಾಡಿಸಿದಂತಿದೆ. ಮೈಸೂರು ರೇಷ್ಮೆಯ ಕ್ರೇಪ್ ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ ಸೀರೆ ಮೆದುವಾಗಿ ಮೈಮೇಲೆ ಕೂರುತ್ತದೆ, ಕಾಂಚೀಪುರದ ಭಾರೀ ಪಟ್ಟೆಯಂತೆ ಸೆಟೆದು ನಿಲ್ಲುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀರೆ ಮಾತ್ರ ತುಂಬು ಜರಿಯ, ಮದುವೆಮನೆಯ ಗಾಂಭೀರ್ಯದ್ದು. ಇಡೀ ದಿನದ ದುಡಿಮೆಗಿಂತ ಸಂಜೆಯ ಸಮಾರಂಭಕ್ಕೆ ಒಪ್ಪುತ್ತದೆ. ಕಾಲಿಗೂ ನಮ್ಮದೇ ಉತ್ತರವಿದೆ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿಯ ಚಮ್ಮಾರರ ಕೈಕೆಲಸಕ್ಕೆ ದೊಡ್ಡ ಹೆಸರಿದೆ.

ಗಂಡಸರ ಆಯ್ಕೆ ಬಡವಾಗಿದೆ ಎಂಬ ದೂರು ಸಾಮಾನ್ಯ. ಅದು ಬಡವಾಗಿರುವುದು ಮರೆವಿನಿಂದ. ಉತ್ತರ ಕರ್ನಾಟಕದ ಧೋತರ, ನೆಹರು ಅಂಗಿ, ಪಟಗ; ಹಳೆ ಮೈಸೂರಿನ ಕಚ್ಚೆ ಪಂಚೆ, ಕೋಟು; ದಕ್ಷಿಣ ಕನ್ನಡದ ಮುಂಡು; ಕನ್ನಡ ಮೇಷ್ಟ್ರುಗಳೂ ರಂಗಕರ್ಮಿಗಳೂ ತಮ್ಮದಾಗಿಸಿಕೊಂಡ ಖಾದಿ ಜುಬ್ಬಾ; ಇವೆಲ್ಲ ಇದ್ದೂ ಕಚೇರಿಯ ಗಂಡಸು ಮದುವೆ ಗಂಡಿನ ಶೇರ್ವಾನಿಗೆ ಕೈಹಾಕುತ್ತಾನೆ. ಕಾರಣ ಸರಳ. ಶೇರ್ವಾನಿಯನ್ನು ತೊಡಲು ಕಲಿಯಬೇಕಿಲ್ಲ, ಗುಂಡಿ ಹಾಕಿದರಾಯಿತು. ಪಂಚೆಯನ್ನು ಉಡಲು ಅಭ್ಯಾಸ ಬೇಕು, ಅದು ಬಿಚ್ಚಿಹೋದೀತೆಂಬ ಅಂಜಿಕೆ ಬೇರೆ. ಆದರೆ ನಮ್ಮ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ಕಸೂತಿ ತುಂಬಿದ ಶೇರ್ವಾನಿ ಮುಂದಿನ ಮದುವೆಯವರೆಗೆ ಬೀರು ಸೇರುತ್ತದೆ. ಒಂದು ಒಳ್ಳೆಯ ಖಾದಿ ಜುಬ್ಬಾ ಜೀನ್ಸಿನ ಮೇಲೆ ಮುಂದಿನ ಶುಕ್ರವಾರವೇ ಮತ್ತೆ ಕಚೇರಿಗೆ ಬರುತ್ತದೆ. ಪಂಚೆ ಉಡಲು ಬಾರದವರು ಅಡ್ಡಪಂಚೆಯಿಂದ ಆರಂಭಿಸಬಹುದು. ಅಂಟುಪಟ್ಟಿ ಹಚ್ಚಿದ, ಜೇಬಿರುವ ಪಂಚೆಗಳೂ ಅಂಗಡಿಗಳಲ್ಲಿವೆ. ಅದನ್ನು ಕಂಡು ನಗುವ ಶುದ್ಧಾಚಾರಿಗಳಿಗೆ ಉತ್ತರ ಸಿದ್ಧವಾಗಿದೆ: ಪಂಚೆಯ ಮೇಲೆ ವಿಲಾಯಿತಿ ಕೋಟು ತೊಟ್ಟಾಗಲೂ ಯಾರೋ ನಕ್ಕಿರಬೇಕು, ಆದರೆ ಅದೇ ಮುಂದೆ ಮೈಸೂರಿನ ಮರ್ಯಾದೆಯ ಉಡುಪಾಯಿತು.

ಇನ್ನು ಖರ್ಚು ಮತ್ತು ನೇಕಾರರ ಪ್ರಶ್ನೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. 1985ರ ಕಾಯ್ದೆಯೊಂದು ಕೆಲವು ಬಗೆಯ ಸೀರೆ, ಧೋತಿ ಸೇರಿ 11 ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. 2015ರಿಂದ ಆಗಸ್ಟ್ 7, ಅಂದರೆ 1905ರ ಸ್ವದೇಶಿ ಚಳವಳಿಯ ನೆನಪಿನ ದಿನ, ರಾಷ್ಟ್ರೀಯ ಕೈಮಗ್ಗ ದಿನವಾಗಿದೆ. ಇಷ್ಟಿದ್ದರೂ ಪೇಟೆಯಲ್ಲಿ ‘ಇಳಕಲ್’, ‘ಖಣ’ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ನಕಲು ಬಹಳ. ಕಚೇರಿಗಳು ‘ಎಥ್ನಿಕ್ ಡೇ’ ಎಂದು ಕರೆಯುವ ಸಾಂಪ್ರದಾಯಿಕ ಉಡುಗೆಯ ದಿನ ಈ ನಕಲಿಗೆ ದೊಡ್ಡ ಗಿರಾಕಿ, ಏಕೆಂದರೆ ಒಂದು ದಿನದ ಫೋಟೊಕ್ಕೆ ನಕಲು ಸಾಕು. ಮತ್ತೆ ಮತ್ತೆ ಉಡಬೇಕೆಂದು ಕೊಳ್ಳುವವರು ಮಾತ್ರ ನೂಲನ್ನು ಮುಟ್ಟಿ ನೋಡುತ್ತಾರೆ. ನೋಡಬೇಕಾದ್ದು ಹೆಚ್ಚೇನಿಲ್ಲ: ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್, ಕೈಮಗ್ಗದ ಹ್ಯಾಂಡ್‌ಲೂಮ್ ಮಾರ್ಕ್, ಅಂಚಿನುದ್ದಕ್ಕೂ ಸೂಜಿಮೊನೆಯಂಥ ಸಣ್ಣ ತೂತುಗಳು, ಇಳಕಲ್ಲಿನಲ್ಲಿ ಒಡಲೂ ಸೆರಗೂ ಕೂಡುವಲ್ಲಿನ ಕುಣಿಕೆಗಳು. ಹಾಗೆಂದು ಕೈಮಗ್ಗವೊಂದೇ ಸಾಚಾ ಎಂಬ ವ್ರತವೂ ಬೇಡ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಗಿ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿರುವ ಮೈಸೂರಿನ ಕಾರ್ಖಾನೆಯಲ್ಲಿ ನೇಯುವುದು ಯಂತ್ರದ ಮಗ್ಗಗಳೇ. ಆದರೂ ಆ ಸೀರೆಗೆ ಮರ್ಯಾದೆಯಿದೆ. ಏಕೆಂದರೆ ಅದು ತಾನು ಏನು, ಎಲ್ಲಿಯದು ಎಂಬುದನ್ನು ಮುಚ್ಚಿಡುವುದಿಲ್ಲ. ಪ್ರತಿ ಸೀರೆಗೂ ಒಂದು ಸಂಖ್ಯೆ, ಹೊಲೋಗ್ರಾಂ ಇರುತ್ತವೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಬೆಲೆಯದು. ಅಪ್ಪಟ ರೇಷ್ಮೆಯ ಮೈಸೂರು ಸೀರೆಗೆ ಹತ್ತಾರು ಸಾವಿರ ಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಅದನ್ನು ಕೊಳ್ಳಿ ಎನ್ನುವುದು ಹೃದಯಹೀನತೆ. ನಿಜ, ಆದರೆ ಈ ವಾದ ಅದನ್ನು ಹೇಳುತ್ತಿಲ್ಲ. ಬೆಲೆಯನ್ನು ಉಡುವ ಸಲಗಳಿಂದ ಭಾಗಿಸಿ ನೋಡಬೇಕೆನ್ನುತ್ತಿದೆ. ಒಂದೇ ಸಲ ಉಟ್ಟು ಮೂಲೆಗೆ ಸೇರುವ ಎರಡು ಸಾವಿರದ ಲೆಹಂಗಾಕ್ಕಿಂತ ಐದು ವರ್ಷ ಉಡುವ ಎರಡೂವರೆ ಸಾವಿರದ ಹತ್ತಿ ಸೀರೆ ಅಗ್ಗ. ಅದಕ್ಕಿಂತ ಅಗ್ಗವಾದದ್ದು ಈಗಾಗಲೇ ಮನೆಯಲ್ಲಿರುವುದು. ಅಮ್ಮನ ಬೀರುವಿನ ಸೀರೆ, ಅಜ್ಜನ ಶಲ್ಯ ಯಾವ ಅಂಗಡಿಯ ಹಂಗೂ ಇಲ್ಲದೆ ಪರೀಕ್ಷೆ ಗೆದ್ದಿರುತ್ತವೆ. ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಹಬ್ಬವೆಂದರೆ ನಿತ್ಯದಿಂದ ಬಿಡುಗಡೆ. ದಿನವೂ ಉಡಬಹುದಾದ್ದನ್ನೇ ಉಟ್ಟರೆ ಹಬ್ಬವೇನು ಬಂತು? ಸಂಭ್ರಮಕ್ಕೆ ಅತಿರೇಕ ಬೇಡವೇ? ಬೇಕು. ಮದುವೆಯಲ್ಲಿ, ಜಾತ್ರೆಯಲ್ಲಿ, ಮನೆಯ ವರಮಹಾಲಕ್ಷ್ಮಿ ಪೂಜೆಯಲ್ಲಿ ಆ ಅತಿರೇಕಕ್ಕೆ ಅದರದೇ ಜಾಗವಿದೆ. ಅಲ್ಲಿ ಉಟ್ಟವರನ್ನು ಬಲ್ಲವರ ನಡುವೆ ಅದು ಶೋಭಿಸುತ್ತದೆ. ಆದರೆ ಕಚೇರಿಯ ಹಬ್ಬದಲ್ಲಿ ಅತಿರೇಕ ಪೈಪೋಟಿಯಾಗುತ್ತದೆ, ಏಕೆಂದರೆ ಅಲ್ಲಿ ಸಂಬಳದ ಏಣಿ ಇದೆ. ಮೇಲಿನವರ ಉಡುಗೆ ಕೆಳಗಿನವರಿಗೆ ಅಳತೆಯಾಗುತ್ತದೆ. ಇಷ್ಟಕ್ಕೂ ಮತ್ತೆ ಉಡಬಹುದು ಎಂದರೆ ಸಪ್ಪೆ ಎಂದಲ್ಲ. ದಿನನಿತ್ಯದ ಇಳಕಲ್ ಸೀರೆಯೇ ಹೂ, ಹಸಿರು ಗಾಜಿನ ಬಳೆ, ಖಣದ ಕುಬಸ ಕೂಡಿದಾಗ ಹಬ್ಬದ ಸೀರೆಯಾಗುತ್ತದೆ. ಸಾದಾ ಜುಬ್ಬಾದ ಮೇಲೆ ಕೆಂಪು ಹಳದಿ ಶಲ್ಯ ಬಿದ್ದರೆ ರಾಜ್ಯೋತ್ಸವ ಬಂದಂತೆಯೇ. ಸಂಭ್ರಮವನ್ನು ಜೊತೆಯ ವಸ್ತುಗಳಿಗೆ ಬಿಟ್ಟು ಮೂಲ ಬಟ್ಟೆಯನ್ನು ಬಾಳಿಕೆಗೆ ಆರಿಸುವುದು ನಮ್ಮ ಹಿರಿಯರ ಮನೆಗಳಲ್ಲಿ ನಡೆದುಬಂದ ಲೆಕ್ಕಾಚಾರವೇ.

ಮೂರನೆಯದು ಪರರ ಉಡುಗೆಯನ್ನು ತೊಡುವ ಪ್ರಶ್ನೆ. ‘ಕರ್ನಾಟಕದ ವೈವಿಧ್ಯ’ ಎಂಬ ಹೆಸರಿನಲ್ಲಿ ತಂಡಕ್ಕೊಂದು ಜಿಲ್ಲೆ ಹಂಚಿ, ಬಾಡಿಗೆ ವೇಷಭೂಷಣದಂಗಡಿಯಿಂದ ಕೊಡವ ಕುಪ್ಯ, ಲಂಬಾಣಿ ಲಂಗ ತರಿಸಿ ನಡೆದಾಡಿಸುವ ಸ್ಪರ್ಧೆಗಳು ಸಾಮಾನ್ಯವಾಗಿವೆ. ಕುಪ್ಯ, ನಡುವಿನ ಕೆಂಪು ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ ಕೊಡವರಿಗೆ ಮದುವೆ, ಹಬ್ಬಗಳ ಉಡುಗೆ. ಮದುಮಗನಿಗೆ ಬಿಳಿ ಕುಪ್ಯ, ಉಳಿದವರಿಗೆ ಕಪ್ಪು ಎಂಬ ಕ್ರಮವೂ ಇದೆ. ಅದನ್ನು ಪ್ಲಾಸ್ಟಿಕ್ ಕತ್ತಿಯೊಂದಿಗೆ ವೇದಿಕೆ ಹತ್ತಿಸಿದರೆ ಆ ಕ್ರಮವೂ ಗೌರವವೂ ಕಳಚಿ ಬೀಳುತ್ತವೆ. ಹಾಗಾದರೆ ಒಬ್ಬರ ಉಡುಗೆಯನ್ನು ಇನ್ನೊಬ್ಬರು ಮುಟ್ಟಲೇಬಾರದೇ? ಅದೂ ಸಲ್ಲದು; ಕೊಡುಕೊಳ್ಳುವಿಕೆಯಿಂದಲೇ ಉಡುಗೆ ಬೆಳೆದದ್ದು ಎಂದು ಮೊದಲೇ ನೋಡಿದೆವು. ಇಲ್ಲಿಯೂ ಮತ್ತೆ ಉಡುವ ಪ್ರಶ್ನೆಯೇ ದಾರಿ ತೋರಿಸುತ್ತದೆ. ಲಂಬಾಣಿ ಹೆಂಗಸಿನ ಇಡೀ ಉಡುಗೆಯನ್ನು ಬಾಡಿಗೆಗೆ ತಂದವರು ಸಂಜೆ ಅದನ್ನು ಹಿಂದಿರುಗಿಸುತ್ತಾರೆ, ಅದರಿಂದ ಯಾವ ತಾಂಡಾಕ್ಕೂ ಕಾಸು ಹೋಗುವುದಿಲ್ಲ. ಭೌಗೋಳಿಕ ಸೂಚಕವಿರುವ ಸಂಡೂರಿನ ಲಂಬಾಣಿ ಕಸೂತಿಯ ಒಂದು ದುಪಟ್ಟಾ, ಚೀಲ, ಜಾಕೆಟ್ಟನ್ನು ಕೊಂಡವರು ಅದನ್ನು ವರ್ಷಗಟ್ಟಲೆ ಬಳಸುತ್ತಾರೆ, ಹೊಲಿದವರಿಗೆ ಕೂಲಿಯೂ ಹೆಸರೂ ಸಿಗುತ್ತದೆ. ಕೊಂಡದ್ದು ತಮ್ಮ ಬದುಕಿಗೆ ಸೇರಿದರೆ ಅದು ಕೊಡುಕೊಳ್ಳುವಿಕೆ. ಒಂದು ಗಂಟೆಯ ನಗೆಗೆ ತೊಟ್ಟರೆ ಅಣಕ.

ನಾಲ್ಕನೆಯ ಆಕ್ಷೇಪ, ಯಾರ ಸಂಪ್ರದಾಯ ಎಂಬುದು. ಬೆಂಗಳೂರಿನ ಒಂದು ಕಚೇರಿಯಲ್ಲಿ ಮಣಿಪುರದವರು, ಮಲಯಾಳಿಗಳು, ಪಂಜಾಬಿಗಳು, ಹಲವು ಧರ್ಮದವರು, ಯಾವ ಹಬ್ಬವನ್ನೂ ಆಚರಿಸದವರು ಒಟ್ಟಿಗಿರುತ್ತಾರೆ. ಹಬ್ಬದ ಉಡುಗೆಯ ಸೂಚನೆ ಬಹುಸಂಖ್ಯಾತರ ರೂಢಿಯನ್ನು ಎಲ್ಲರ ಮೇಲೆ ಹೇರುವುದಿಲ್ಲವೇ? ‘ಬನ್ನಿ’ ಎಂಬುದು ‘ಬರಲೇಬೇಕು’ ಆದಾಗ ಹೇರುತ್ತದೆ. ಕಾಲೇಜುಗಳ ಅಧ್ಯಾಪಕಿಯರು ಸೀರೆಯನ್ನೇ ಉಡಬೇಕೆಂಬ ಒತ್ತಾಯ ಸಲ್ಲದೆಂದು ಕೇರಳ ಸರ್ಕಾರ 2021ರಲ್ಲಿ ಸುತ್ತೋಲೆಯನ್ನೇ ಹೊರಡಿಸಬೇಕಾಯಿತು. ಚೆಂದದ ಉಡುಗೆಯೂ ಕಡ್ಡಾಯವಾದೊಡನೆ ಹೊರೆ ಎಂಬುದಕ್ಕೆ ಇದು ಸಾಕ್ಷಿ. ರಾಜ್ಯೋತ್ಸವ ಧರ್ಮದ ಹಬ್ಬವಲ್ಲ, 1956ರಲ್ಲಿ ನಾಡು ಒಂದಾದದ್ದರ, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದದ್ದರ ನೆನಪು. ಅಂದು ಹೊರಗಿನಿಂದ ಬಂದವರು ಇಳಕಲ್ ಉಟ್ಟರೆ ಸಂತೋಷ, ಮಣಿಪುರದವರು ತಮ್ಮೂರಿನ ಸುತ್ತುಡುಗೆ ಫನೇಕ್ ಉಟ್ಟರೂ ಅಷ್ಟೇ ಸಂತೋಷ, ನಿತ್ಯದ ಪ್ಯಾಂಟಿನಲ್ಲಿ ಬಂದು ನಾಡಗೀತೆಗೆ ಎದ್ದು ನಿಂತರೂ ಕೊರತೆಯಿಲ್ಲ. ‘ಅತ್ಯುತ್ತಮ ಉಡುಗೆ’ಯ ಬಹುಮಾನದ ಬಗ್ಗೆಯೂ ಯೋಚಿಸಬೇಕು. ಸಹೋದ್ಯೋಗಿಗಳ ಮೈಮಾಟದ ಬಗ್ಗೆ ಮಾತಾಡಲು ಅದು ಸಿಕ್ಕ ಪರವಾನಗಿಯೆಂದು ತಿಳಿಯುವವರಿದ್ದಾರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಲೈಂಗಿಕ ಧ್ವನಿಯ ಟೀಕೆಗಳನ್ನು ಕಿರುಕುಳವೆಂದೇ ಹೇಳುತ್ತದೆ. ಹಬ್ಬದ ದಿನಕ್ಕೆ ಅದರಲ್ಲಿ ರಿಯಾಯಿತಿಯಿಲ್ಲ. ಬಹುಮಾನ ಕೊಡಲೇಬೇಕೆಂದಿದ್ದರೆ ತಾವು ಉಟ್ಟ ಬಟ್ಟೆಯ ಊರು, ನೇಯ್ಗೆ, ಕತೆಯನ್ನು ಚೆನ್ನಾಗಿ ಹೇಳಿದವರಿಗೆ ಕೊಡಲಿ.

ಕೊನೆಯದಾಗಿ, ಸಂಸ್ಥೆಗಳ ಪಾಲಿನ ಹೊಣೆ. ಉಡುಗೆ ಮತ್ತೆ ಮತ್ತೆ ಕಚೇರಿಗೆ ಬರಬೇಕೆಂದರೆ ಕಚೇರಿಯ ಬಾಗಿಲು ಅದಕ್ಕೆ ತೆರೆದಿರಬೇಕು. ಆ ಬಾಗಿಲು ಹೇಗಿದೆ ಎಂಬುದಕ್ಕೆ ಸಾರ್ವಜನಿಕ ಪುರಾವೆಗಳಿವೆ. 2014ರಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದು ವೇಷ್ಟಿ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಗದ್ದಲವೆದ್ದು ತಮಿಳುನಾಡು ಅದೇ ವರ್ಷ ಅಂಥ ನಿರ್ಬಂಧಗಳನ್ನು ತೆಗೆದುಹಾಕುವ ಕಾನೂನು ತಂದಿತು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ತಡೆದರು. ಅದೇ ವರ್ಷದ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟು ಮಗನೊಡನೆ ಸಿನಿಮಾ ನೋಡಲು ಬಂದ ಹಿರಿಯ ರೈತರಿಗೆ ಪ್ರವೇಶ ನಿರಾಕರಿಸಿದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಈ ನಗರದಲ್ಲಿ ಪಂಚೆ ಎಥ್ನಿಕ್ ಡೇ ದಿನ ಗಾಜಿನ ಕಟ್ಟಡದೊಳಗೆ ಚಪ್ಪಾಳೆ ಗಿಟ್ಟಿಸುತ್ತದೆ, ಉಳಿದ ದಿನ ಬಾಗಿಲಲ್ಲಿ ಅನುಮಾನ ಹುಟ್ಟಿಸುತ್ತದೆ. ವರ್ಷಕ್ಕೊಮ್ಮೆ ಹೊಗಳಿ ವರ್ಷವಿಡೀ ನಿಷೇಧಿಸುವುದು ಸಂಪ್ರದಾಯದ ಗೌರವವಲ್ಲ. ಹಾಗೆಯೇ ಹಬ್ಬದ ದಿನವೂ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಕ್ಯಾಂಟೀನಿನವರು ಗುತ್ತಿಗೆ ಕಂಪನಿಯ ಸಮವಸ್ತ್ರದಲ್ಲೇ ಇರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಇಳಕಲ್ ಸೀರೆ, ಧೋತರ ಬಾಡಿಗೆಗೆ ತರುವ ವಸ್ತುವಲ್ಲ, ಊರಿನ ಮನೆಯ ನಿತ್ಯದ ಬಟ್ಟೆ. ನೆರಿಗೆ ಹಿಡಿಯಲು ಬಲ್ಲವರನ್ನು ಹೊರಗೆ ನಿಲ್ಲಿಸಿ, ಬಾರದವರು ಒಳಗೆ ಪ್ರದರ್ಶನ ನಡೆಸುವ ಆಚರಣೆ ತನ್ನ ಹೆಸರಿಗೇ ವಿರುದ್ಧವಾದದ್ದು.

ಹಾಗಾಗಿ ಪರಿಹಾರ ಎರಡು ಕಡೆಯಿಂದ ಬರಬೇಕು. ಆರಿಸುವವರು ಹೆಚ್ಚೇನೂ ಮಾಡಬೇಕಿಲ್ಲ: ಮೊದಲು ಮನೆಯ ಬೀರು ತೆರೆಯಲಿ, ಕೊಳ್ಳುವುದಾದರೆ ಹತ್ತಿಯನ್ನೋ ಹಗುರ ರೇಷ್ಮೆಯನ್ನೋ ಅದರ ಊರು ತಿಳಿದು ಕೊಳ್ಳಲಿ, ಹಿಂದಿನ ಭಾನುವಾರ ಒಮ್ಮೆ ಉಟ್ಟು ಮೆಟ್ಟಿಲು ಹತ್ತಿಳಿದು ನೋಡಲಿ, ಫೋಟೊಕ್ಕಿಂತ ಮುಂದಿನ ಸೋಮವಾರವನ್ನು ನೆನೆದು ನಿರ್ಧರಿಸಲಿ. ಸಂಸ್ಥೆಗಳು ಮಾಡಬೇಕಾದ್ದು ಇನ್ನೂ ಸ್ಪಷ್ಟ: ಉಡುಗೆಯ ನಿಯಮಾವಳಿಯಲ್ಲಿ ಸೀರೆ, ಪಂಚೆ, ಜುಬ್ಬಾ, ಚಪ್ಪಲಿ ವರ್ಷದ ಎಲ್ಲ ದಿನಕ್ಕೂ ಸಲ್ಲುತ್ತವೆ ಎಂದು ಬರೆಯಲಿ, ಹಬ್ಬದ ಸೂಚನೆಯಲ್ಲಿ ಕಡ್ಡಾಯದ ಧ್ವನಿ ಬಿಡಲಿ, ಗುತ್ತಿಗೆ ಸಿಬ್ಬಂದಿಗೂ ಆ ದಿನ ಇಷ್ಟದ ಉಡುಗೆಯ ಅವಕಾಶವಿರಲಿ, ಉಡುಗೊರೆಗಳ ಬಜೆಟ್ಟಿನಲ್ಲಿ ಒಂದು ಭಾಗ ನೇಕಾರರ ಸಹಕಾರ ಸಂಘಗಳಿಗೋ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿಗೋ ಹೋಗಲಿ. ಇಷ್ಟಾದರೆ ಎಥ್ನಿಕ್ ಡೇ ಎಂಬ ಬೇರೆ ದಿನದ ಅಗತ್ಯ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಅದು ಆ ಆಚರಣೆಯ ಸೋಲಲ್ಲ. ಉಡುಗೆಗೆ ವಿಶೇಷ ದಿನದ ಆಸರೆ ಬೇಡವಾಗುವುದೇ ಅದು ಗೆದ್ದಿದೆ ಎಂಬುದರ ಲಕ್ಷಣ.